ಮೇಲಿನ ಮನೆಯ ಇಳಿಜಾರು

ನಲವತ್ತೈದು ದಾಟುವವರೆಗೂ ಶುಭಾಗೆ ತನ್ನದು ಎನ್ನುವ ಒಂದು ಅಂಗೈಯಗಲ ನೆಲವಿರಲಿಲ್ಲ. ಹುಟ್ಟಿ ಬೆಳೆದದ್ದು ಯಶವಂತಪುರದ ವಠಾರದಲ್ಲಿ. ಅಲ್ಲಿ ಅವಳಮ್ಮ ತುಳಸಿಯನ್ನು ಎಣ್ಣೆ ಡಬ್ಬದಲ್ಲಿ ಬೆಳೆಸುತ್ತಿದ್ದಳು. ಮದುವೆಯಾಗಿ ಬಂದದ್ದು ಆರ್.ಟಿ. ನಗರದ ಮೂರನೇ ಮಹಡಿಯ ಬಾಡಿಗೆ ಮನೆಗೆ. ಅಲ್ಲಿನ ಬಾಲ್ಕನಿಯಲ್ಲಿ ಪೇಂಟ್ ಡಬ್ಬಗಳನ್ನು ಸಾಲಾಗಿಟ್ಟು ದಾಸವಾಳ, ಕಾಕಡ, ಒಂದೆಲಗ ಹಾಕಿಕೊಂಡಿದ್ದಳು. ಮಣ್ಣಿನ ನೀರು ಕೆಳಗಿನ ಮನೆಯವರ ಬಟ್ಟೆಗೆ ತೊಟ್ಟಿಕ್ಕುತ್ತದೆ ಎಂದು ಮಾಲೀಕರು ಗೊಣಗಿದ ಮೇಲೆ ಅದರಲ್ಲೂ ಅರ್ಧ ಡಬ್ಬಗಳನ್ನು ಕೆಲಸದ ಜಾಗದಲ್ಲಿ ಹಂಚಿಬಿಟ್ಟಳು. ಕೆಲಸವೆಂದರೆ ಅದೇ ಬಡಾವಣೆಯ ಒಂದು ಡಯಾಗ್ನೊಸ್ಟಿಕ್ ಸೆಂಟರಿನಲ್ಲಿ ಎಕ್ಸ್-ರೇ ತೆಗೆಯುವುದು. ದಿನವಿಡೀ ಕಿಟಕಿಯಿಲ್ಲದ ಕೋಣೆ, 'ಉಸಿರು ಹಿಡ್ಕೊಳ್ಳಿ, ಅಲ್ಲಾಡ್ಬೇಡಿ, ಆಯ್ತು' ಎಂಬ ಅದೇ ಮೂರು ಮಾತು.

ಮಾವ ಬದರೀನಾಥರು ಕಾರ್ಖಾನೆಯಲ್ಲಿದ್ದಾಗ ಅಬ್ಬಿಗೆರೆಯಲ್ಲಿ ಒಂದು ಸೈಟು ಕೊಂಡಿದ್ದರು. ಆಗ ಅದಿನ್ನೂ ಊರು, ಸುತ್ತ ರಾಗಿ ಹೊಲ. ಸೈಟು ಮೇಲಿನ ರಸ್ತೆಯಿಂದ ಕೆಳಗಿನ ರಸ್ತೆಯವರೆಗೆ ಜಾರುಬಂಡೆಯಂತೆ ಇಳಿದಿತ್ತು. ಅಷ್ಟು ಇಳಿಜಾರಿನ ಜಾಗ ಬೇರೆ ಯಾರಿಗೂ ಬೇಡವಾಗಿದ್ದರಿಂದಲೇ ಅವರಿಗೆ ದಕ್ಕಿತ್ತು. ಅವರು ತೀರಿಕೊಂಡ ಮೇಲೆ ಮಕ್ಕಳಿಬ್ಬರೂ ಅದನ್ನು ಅಡ್ಡಡ್ಡ ಪಾಲು ಮಾಡಿಕೊಂಡರು. ಮೇಲಿನರ್ಧ ಹಿರಿಯ ಜಯಂತ್‌ಗೆ, ಅಂದರೆ ಶುಭಾಳ ಗಂಡನಿಗೆ. ಕೆಳಗಿನರ್ಧ ಕಿರಿಯ ಪ್ರದ್ಯುಮ್ನನಿಗೆ. ಪ್ರದ್ಯುಮ್ನ ಬೇಗನೆ ಮನೆ ಕಟ್ಟಿದ. ಜಾಗ ಸಾಲದ್ದಕ್ಕೆ ಹಿಂದಿನ ಇಳಿಜಾರಿನ ಬುಡವನ್ನು ನೆಟ್ಟಗೆ ಕಡಿದು, ಒಂದು ಇಟ್ಟಿಗೆ ಗೋಡೆ ಎಬ್ಬಿಸಿ, ಶೀಟು ಹೊದಿಸಿ, ಪಾತ್ರೆ ಬಟ್ಟೆ ತೊಳೆಯುವ ಜಾಗ ಮಾಡಿಕೊಂಡ. ಅಮ್ಮ ಪಂಕಜಮ್ಮ ಅವನ ಜೊತೆಗೇ ಉಳಿದರು.

ಪಾಲಿನ ಸಮಯದಲ್ಲಿ ಅಣ್ಣತಮ್ಮಂದಿರ ನಡುವೆ ಏನೋ ಮಾತು ಬೆಳೆದಿತ್ತು. ಜಗಳವೆಂದು ಹೇಳುವಂಥದ್ದಲ್ಲ. ಆದರೆ ಆಮೇಲೆ ಅವರಿಬ್ಬರೂ ನೇರವಾಗಿ ಮಾತಾಡಿಕೊಳ್ಳುವುದನ್ನು ಬಿಟ್ಟರು. ಹಬ್ಬ, ತಿಥಿ, ಕಂದಾಯ ಎಲ್ಲವೂ ಹೆಂಡತಿಯರ ಮೂಲಕ. ಓರಗಿತ್ತಿಯರಿಬ್ಬರೂ ಮಾತ್ರ ಚೆನ್ನಾಗಿದ್ದರು. ಪ್ರದ್ಯುಮ್ನನ ಹೆಂಡತಿ ಭಾವನಾ ವಿದ್ಯಾರಣ್ಯಪುರದ ಒಂದು ಶಾಲೆಯಲ್ಲಿ ಗಣಿತದ ಟೀಚರು. ಶುಭಾಗಿಂತ ಸಾಕಷ್ಟು ಚಿಕ್ಕವಳು, ಆದರೂ 'ಅಕ್ಕಾ, ನೀನು' ಎಂದೇ ಕರೆಯುವ ಸಲುಗೆ. ಎಷ್ಟೋ ಸಂಜೆ ಫೋನಿನಲ್ಲಿ ಇಬ್ಬರೂ ತಮ್ಮ ತಮ್ಮ ಗಂಡಂದಿರನ್ನು ಅಣಕಿಸಿ ನಕ್ಕಿದ್ದುಂಟು.

ಜಯಂತ್ ಮೇಲಿನ ಮನೆ ಕಟ್ಟಿ ಮುಗಿಸಿದ್ದು ಎರಡು ವರ್ಷದ ಕೆಳಗೆ. ಕಂಬಗಳನ್ನು ಆಳಕ್ಕೆ ಇಳಿಸಿ, ಗಟ್ಟಿ ನೆಲ ಸಿಗುವವರೆಗೂ ಹೋಗಿ, ಮನೆಯನ್ನೇನೋ ಭದ್ರವಾಗಿಯೇ ನಿಲ್ಲಿಸಿದ. ಹಿಂದುಗಡೆಯ ಅಂಗಳವನ್ನು ರಸ್ತೆಯ ಮಟ್ಟಕ್ಕೆ ತರಬೇಕಿತ್ತಲ್ಲ, ಅದಕ್ಕೆ ಕಂಟ್ರಾಕ್ಟರು ಟ್ರ್ಯಾಕ್ಟರುಗಟ್ಟಲೆ ಮಣ್ಣು ತಂದು ಸುರಿಸಿದ. ಎಲ್ಲೋ ಒಡೆದ ಕಟ್ಟಡದ ಮಣ್ಣು. ಅದರಲ್ಲಿ ಇಟ್ಟಿಗೆ ಚೂರು, ಟೈಲ್ಸಿನ ತುಂಡು, ಪ್ಲಾಸ್ಟಿಕ್ ಚೀಲ ಎಲ್ಲ ಇದ್ದವು. ಮೇಲೆ ಒಂದು ಪದರ ಕೆಮ್ಮಣ್ಣು ಹರಡಿ ಮುಚ್ಚಿದ. ಅಂಗಳದ ಅಂಚಿನಿಂದ ತಮ್ಮನ ಗೋಡೆಯವರೆಗೆ ಕಡಿದಾದ ಒಂದು ದಿಬ್ಬ ಎದ್ದು ನಿಂತಿತು.

ಆ ದಿಬ್ಬ ಶುಭಾಗೆ ತೋಟದಂತೆ ಕಂಡಿತು. ಹೆಬ್ಬಾಳದ ನರ್ಸರಿಯಿಂದ ಹುಲ್ಲಿನ ಹಾಸು ತರಿಸಿ ಇಳಿಜಾರಿನುದ್ದಕ್ಕೂ ಹೊದಿಸಿದಳು. ಅಂಚಿಗೆ ದಾಸವಾಳದ ಸಾಲು, ಮೂಲೆಗೊಂದು ಕಸಿ ಸಂಪಿಗೆ. ಸಂಜೆ ಕೆಲಸದಿಂದ ಬಂದವಳೇ ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ನಿಂತು ಪೈಪು ಹಿಡಿಯುವಳು. ನೀರು ಹುಲ್ಲಿನೊಳಗೆ ಇಂಗುವ ಸದ್ದು ಕೇಳಿದರೆ ಎಕ್ಸ್-ರೇ ಕೋಣೆಯ ಬಿಸಿಗಾಳಿ ಮೈಯಿಂದ ಇಳಿದುಹೋದಂತಾಗುತ್ತಿತ್ತು. "ಇನ್ನೂ ಎಷ್ಟೊತ್ತೇ? ಬೋರ್ ಎಲ್ಲಾ ಖಾಲಿ ಮಾಡ್ತೀಯಾ?" ಎಂದು ಒಳಗಿನಿಂದ ಜಯಂತ್ ಕೂಗಿದರೂ ಅವಳಿಗೆ ಕೇಳಿಸುತ್ತಿರಲಿಲ್ಲ.

ಮೊದಲ ಬೇಸಿಗೆಯಲ್ಲೇ ಭಾವನಾ ಫೋನು ಮಾಡಿದಳು. "ಅಕ್ಕಾ, ಬೇಜಾರ್ ಮಾಡ್ಕೋಬೇಡ. ನಮ್ ಹಿಂದಿನ್ ಗೋಡೆ ಬೆವರ್ತಾ ಇದೆ. ಕೈ ಇಟ್ರೆ ತಣ್ಣಗಿರುತ್ತೆ. ನೀರು ಸ್ವಲ್ಪ ಕಮ್ಮಿ ಮಾಡ್ತೀಯಾ?"

ಶುಭಾ ಕಡಿಮೆ ಮಾಡಿದಳು. ವಾರದೊಳಗೆ ಹುಲ್ಲಿನ ತುದಿ ಹಳದಿಯಾಯಿತು. ಜಯಂತ್ ನೋಡಿ, "ಬುಡ ಕಡ್ದು ಬಚ್ಚಲು ಮಾಡ್ಕೊಂಡಿರೋದು ಅವ್ನು. ಗೋಡೆ ಬೆವರದೆ ಇನ್ನೇನ್ ಮಾಡುತ್ತೆ? ನೀನ್ಯಾಕೆ ಗಿಡ ಸಾಯಿಸ್ತೀಯಾ?" ಎಂದ. ಮತ್ತೆ ಪೈಪು ಹಿಡಿದಳು. ಭಾವನಾ ಇನ್ನೆರಡು ಸಲ ಅದೇ ಮಾತನ್ನು ನಗುತ್ತಲೇ ಹೇಳಿ ಸುಮ್ಮನಾದಳು.

ಆ ವರ್ಷ ಮಳೆಗಾಲ ಮುಗಿಯುವ ಲಕ್ಷಣವೇ ಕಾಣಲಿಲ್ಲ. ದೀಪಾವಳಿಯ ಹೊತ್ತಿಗೆ ಶುಭಾ ಹುಲ್ಲಿನ ನಡುವೆ ಒಂದು ಬಿರುಕು ಕಂಡಳು. ದಾಸವಾಳದ ಸಾಲಿಗೆ ಸಮಾನಾಂತರವಾಗಿ, ಅಂಗಳದ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೋಗಿತ್ತು. ಬೆರಳು ಇಳಿಸಿದರೆ ಇಡೀ ಬೆರಳು ಹೋಯಿತು. ಜಯಂತ್‌ಗೆ ತೋರಿಸಿದಳು. ಹೊಸ ಮಣ್ಣು ಕೂರುವುದು ಹೀಗೆಯೇ ಎಂದು ಅವನು ಸಿಮೆಂಟು ಕಲಸಿ ಸುರಿದ. ಅವಳಿಗೆ ಸಮಾಧಾನವಾಗಲಿಲ್ಲ. ಅವತ್ತೇ ಸಂಜೆ ರಸ್ತೆ ಸುತ್ತಿಕೊಂಡು ಕೆಳಗಿನ ಮನೆಗೆ ಹೋದಳು. ಎರಡು ಮನೆಗೂ ನಡುವೆ ಇರುವುದು ಒಂದು ದಿಬ್ಬ ಅಷ್ಟೆ, ಆದರೆ ಕಾಲುನಡಿಗೆಯಲ್ಲಿ ಹೋಗಬೇಕೆಂದರೆ ಮೇಲಿನ ರಸ್ತೆಯ ಕೊನೆಯವರೆಗೆ ಹೋಗಿ, ಗಣೇಶನ ಗುಡಿಯ ಪಕ್ಕದ ಇಳಿಜಾರಿನಲ್ಲಿ ಇಳಿದು, ಅಷ್ಟೇ ದೂರ ವಾಪಸು ಬರಬೇಕು.

ಎಲ್ಲರೂ ಮನೆಯಲ್ಲೇ ಇದ್ದರು. ಶುಭಾ ಬಿರುಕಿನ ವಿಷಯ ಹೇಳಿದಳು. ಪ್ರದ್ಯುಮ್ನ ಟಿವಿಯಿಂದ ಕಣ್ಣು ತೆಗೆಯದೆ, "ಇಂಜಿನಿಯರ್ ಇಟ್ಕೊಂಡು ಕಟ್ಸಿರೋರು ನೀವು, ಅತ್ತಿಗೆ. ನಮಗೇನ್ ಗೊತ್ತಾಗುತ್ತೆ?" ಎಂದ.

ಪಂಕಜಮ್ಮ, "ನೀನೇ ಒಂದ್ಸಲ ಹೋಗಿ ನೋಡ್ಕೊಂಡ್ ಬಾರೋ. ಅಣ್ಣನ್ನ ಕರ್ಕೊಂಡು ಯಾರಿಗಾದ್ರೂ ತೋರಿಸಿ" ಎಂದರು.

"ಅವ್ನೇ ಕರೀಲಿ, ಬರ್ತೀನಿ."

ಮೇಲೆ ಬಂದು ಶುಭಾ ಅದನ್ನೇ ಗಂಡನಿಗೆ ಹೇಳಿದಳು. "ಅವ್ನಿಗೆ ಬೇಕಿದ್ರೆ ಅವ್ನೇ ಬರ್ಲಿ" ಎಂದ ಜಯಂತ್. ಹೇಳುವವರಿಗೆಲ್ಲ ಹೇಳಿದ್ದಾಯಿತು ಎಂದುಕೊಂಡಳು ಶುಭಾ. ಮಳೆ ಎರಡು ದಿನ ಬಿಡುವು ಕೊಟ್ಟಿತು. ಸಂಪಿಗೆ ಮೊದಲ ಮೊಗ್ಗು ಬಿಟ್ಟಿತ್ತು, ಬುಡಕ್ಕೆ ಒಂದಿಷ್ಟು ನೀರು ಹಾಕಿದಳು.

ಆಮೇಲೆ ವಾಯುಭಾರ ಕುಸಿತದ ಮಳೆ ಹಿಡಿಯಿತು. ಹಗಲು ರಾತ್ರಿ ಎನ್ನದೆ ಸಣ್ಣಗೆ ಸುರಿಯುವ, ಬಟ್ಟೆ ಒಣಗಗೊಡದ ಮಳೆ. ಒಂದು ಭಾನುವಾರ ಮಧ್ಯಾಹ್ನ ಶುಭಾ ಅಡುಗೆಮನೆಯ ಕಿಟಕಿಯ ಹತ್ತಿರ ಹುಳಿಗೆ ಒಗ್ಗರಣೆ ಹಾಕುತ್ತಿದ್ದಳು. ಹೊರಗೆ ದಾಸವಾಳದ ಸಾಲು ಒಟ್ಟಿಗೆ ತಲೆ ಬಾಗಿಸಿದಂತೆ ಕಂಡಿತು. ಗಾಳಿಯೇನೂ ಇರಲಿಲ್ಲ. ಅವಳು ನೋಡುತ್ತಿರುವಂತೆಯೇ ಇಡೀ ಸಾಲು ಅಂಚಿನಿಂದಾಚೆಗೆ ಇಳಿದು ಕಾಣದಾಯಿತು. ಸದ್ದು ಬಂದದ್ದು ಆಮೇಲೆ. ನೆನೆದ ಅಕ್ಕಿಮೂಟೆಗಳನ್ನು ಲಾರಿಯಿಂದ ಒಂದರ ಮೇಲೊಂದು ಕೆಡವಿದಂತೆ.

ಒಲೆ ಆರಿಸಿದಳೋ ಇಲ್ಲವೋ ನೆನಪಿಲ್ಲ. ಬರಿಗಾಲಿನಲ್ಲಿ ರಸ್ತೆಗೆ ಓಡಿದಳು. ದಿಬ್ಬದ ಮೇಲಿಂದಲೇ ಇಳಿದುಬಿಡೋಣ ಎನಿಸಿತು, ಆದರೆ ಅಲ್ಲಿ ಇಳಿಯಲು ಏನೂ ಉಳಿದಿರಲಿಲ್ಲ. ಗುಡಿಯ ಹತ್ತಿರದ ತಿರುವಿನಲ್ಲಿ ಜಾರಿ ಮಂಡಿ ತರಚಿತು. ಕೆಳಗಿನ ಮನೆಯ ಬಾಗಿಲು ತೆರೆದೇ ಇತ್ತು. ಹಿಂದೆ ಇಟ್ಟಿಗೆ ಗೋಡೆ ಇಲ್ಲ, ಶೀಟು ಮುರಿದು ಒಂದು ಕಡೆ ಜೋತಿದೆ, ಅಲ್ಲಿಂದ ಅಡುಗೆಮನೆಯವರೆಗೆ ಕೆಂಪು ರಾಡಿ. ರಾಡಿಯ ಮೇಲೆ ಅವಳ ಹುಲ್ಲು ಇನ್ನೂ ಹಸಿರಾಗಿ, ಮಡಿಸಿಟ್ಟ ಜಮಖಾನದಂತೆ ಸುತ್ತಿಕೊಂಡು ಕೂತಿತ್ತು. ಅದರ ನಡುವೆ ಪಂಕಜಮ್ಮ ಸೊಂಟದವರೆಗೆ ಹೂತು ಹೋಗಿದ್ದರು. ಸುತ್ತ ಅವರು ಬಿಡಿಸುತ್ತಿದ್ದ ಅವರೆಕಾಯಿ ಚೆಲ್ಲಿತ್ತು. ಭಾವನಾ ಕೈಯಲ್ಲೇ ಮಣ್ಣು ತೋಡುತ್ತಿದ್ದಳು.

"ಅಕ್ಕಾ, ಗುಡ್ಡ ಬಂತು" ಎಂದಳು, ತೋಡುವುದನ್ನು ನಿಲ್ಲಿಸದೆ.

ಇಬ್ಬರೂ ತೋಡಿದರು. ಪಂಕಜಮ್ಮ ಕೂಗಲಿಲ್ಲ, ಅಳಲಿಲ್ಲ. ಹಲ್ಲು ಕಚ್ಚಿಕೊಂಡು, "ನಿಧಾನ ಕಣ್ರೇ, ಎಡಗಾಲು" ಎಂದಷ್ಟೇ ಹೇಳುತ್ತಿದ್ದರು. ಸಾಮಾನು ತರಲು ಅಂಗಡಿಗೆ ಹೋಗಿದ್ದ ಪ್ರದ್ಯುಮ್ನ ಓಡಿಬಂದ. ಜಯಂತ್ ಬಂದ. ಅಣ್ಣತಮ್ಮ ಇಬ್ಬರೂ ಸೇರಿ ಅಮ್ಮನನ್ನು ಎತ್ತಿ ಕಾರಿಗೆ ಹಾಕುವಾಗಲೂ ಒಬ್ಬರಿಗೊಬ್ಬರು ಒಂದು ಮಾತಾಡಲಿಲ್ಲ.

ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಎಕ್ಸ್-ರೇ ತೆಗೆಯುವವನು ಶುಭಾಗೆ ಪರಿಚಯದವನೇ. ಕಾಲು ಮುಟ್ಟಿದರೆ ಪಂಕಜಮ್ಮ ನಡುಗುವುದನ್ನು ನೋಡಿ, "ಮೇಡಂ, ನೀವೇ ಇಡಿ" ಎಂದ. ಶುಭಾ ಅತ್ತೆಯ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಪ್ಲೇಟಿನ ಮೇಲೆ ಇಟ್ಟಳು. ಉಗುರುಗಳ ಸಂದಿಯಲ್ಲಿ ತನ್ನ ತೋಟದ ಮಣ್ಣು. ಸಾವಿರಾರು ಜನಕ್ಕೆ ಹೇಳಿದ ಮಾತು ಬಾಯಿಗೆ ಬರಲಿಲ್ಲ. ಚಿತ್ರ ಬಂದಾಗ ಡಾಕ್ಟರು ಹೇಳುವ ಮೊದಲೇ ಅವಳಿಗೆ ಗೊತ್ತಾಯಿತು: ಕಣಕಾಲಿನ ಎರಡೂ ಮೂಳೆ ಮುರಿದಿವೆ.

ಆಪರೇಷನ್ ಆಯಿತು. ಕಾರಿಡಾರಿನಲ್ಲಿ ಕೂತಿದ್ದಾಗ ಶುಭಾ ಓರಗಿತ್ತಿಯ ಕೈ ಹಿಡಿಯಲು ಹೋದಳು. ಭಾವನಾ ಕೈ ಎಳೆದುಕೊಂಡು ಸೆರಗು ಸರಿಮಾಡಿಕೊಂಡಳು.

"ನಾನು ಅವತ್ತೇ ಬಂದು ಹೇಳಿದ್ದೆ ಕಣೆ" ಎಂದಳು ಶುಭಾ. ಹೇಳಿದ ಕೂಡಲೇ ಹೇಳಬಾರದಿತ್ತು ಎನಿಸಿತು.

"ಹೇಳಿದ್ರಿ, ನಿಜ" ಎಂದಳು ಭಾವನಾ. "ಹೇಳಿ, ಮೇಲ್ ಹೋಗಿ, ಮತ್ತೆ ನೀರು ಹಾಕಿದ್ರಿ."

ದನಿ ಏರಿರಲಿಲ್ಲ. ಶುಭಾಳನ್ನು ಚುಚ್ಚಿದ್ದು ಆ 'ಹೇಳಿದ್ರಿ'. ಇಷ್ಟು ವರ್ಷದಲ್ಲಿ ಭಾವನಾ ಅವಳನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಅವತ್ತಿನಿಂದ ಅದೇ ಆಯಿತು. ಬನ್ನಿ, ಕೂತ್ಕೊಳ್ಳಿ, ಊಟ ಮಾಡ್ತೀರಾ. ಯಾರೋ ದೂರದ ನೆಂಟರಿಗೆ ಕೊಡುವ ಮರ್ಯಾದೆ.

ಶುಭಾಳ ಸಹೋದ್ಯೋಗಿಯೊಬ್ಬರ ಮಗಳು ಮೋನಿಕಾ ಮಣ್ಣು, ಅಡಿಪಾಯ ಇವುಗಳನ್ನೇ ಓದಿದ ಸಿವಿಲ್ ಇಂಜಿನಿಯರು. ಶುಭಾ ಅವಳನ್ನು ಕರೆಸಿದಳು. ಮೋನಿಕಾ ಅರ್ಧ ದಿನ ಮೇಲೆ ಕೆಳಗೆ ಓಡಾಡಿ, ಮಣ್ಣು ತೋಡಿ ನೋಡಿ, ಇಬ್ಬರೂ ಅಣ್ಣತಮ್ಮಂದಿರನ್ನು ಕೆಳಗಿನ ರಸ್ತೆಯಲ್ಲಿ ನಿಲ್ಲಿಸಿಕೊಂಡು ಹೇಳಿದಳು:

"ಕೆಳಗಡೆ ಬುಡ ಕಡಿದ್ರಿ, ಮೇಲ್ಗಡೆ ಭಾರ ಹೇರಿದ್ರಿ, ಮಧ್ಯ ನೀರು ಬಿಟ್ರಿ. ಮೂರೂ ಸೇರ್ಕೊಂಡ್ ಹೀಗಾಗಿದೆ. ಇನ್ನೂ ಅರ್ಧ ಮಣ್ಣು ಮೇಲೇ ನೇತಾಡ್ತಾ ಇದೆ ಸಾರ್. ಮುಂದಿನ್ ಮಳೆಗೆ ಅದೂ ಬರುತ್ತೆ."

ಮಾಡಬೇಕಾದ್ದನ್ನೂ ಹೇಳಿದಳು. ತುಂಬಿಸಿದ ಮಣ್ಣನ್ನೆಲ್ಲ ತೆಗೆಯಬೇಕು. ಇಳಿಜಾರನ್ನು ಮೆಟ್ಟಿಲಿನಂತೆ ಮೂರು ಹಂತ ಮಾಡಬೇಕು. ಬುಡಕ್ಕೆ ದಪ್ಪನೆಯ ಕಲ್ಲಿನ ಗೋಡೆ, ಅದರ ಬೆನ್ನಿಗೆ ಜಲ್ಲಿ, ಒಳಗಿನ ನೀರು ಹೊರಗೆ ಬರಲು ಗೋಡೆಯುದ್ದಕ್ಕೂ ಪೈಪು. ಮೇಲಿನ ಮನೆಯ ತಾರಸಿ ನೀರು, ಅಂಗಳದ ನೀರು ಒಂದು ತೊಟ್ಟೂ ಇಳಿಜಾರಿಗೆ ಬೀಳದಂತೆ ಪಕ್ಕದ ಮೋರಿಗೆ ಹೋಗಬೇಕು. ಅಂಗಳದ ಬಹುಪಾಲು ಹೋಗುತ್ತದೆ, ಲಾನ್ ಅಂತೂ ಇಲ್ಲವೇ ಇಲ್ಲ. ಕೆಳಗೆ ಗೋಡೆ ನಿಲ್ಲಲು ಪ್ರದ್ಯುಮ್ನನ ಪಾತ್ರೆ ತೊಳೆಯುವ ಜಾಗ ಪೂರ್ತಿ ಬೇಕು.

ಜಯಂತ್, "ಅವ್ನ ಬುಡ ಸರಿಮಾಡೋಕೆ ನನ್ ಅಂಗಳ ಯಾಕ್ ಹೋಗ್ಬೇಕು?" ಎಂದು ಮೋನಿಕಾಳ ಕಡೆ ನೋಡಿ ಕೇಳಿದ. ಪ್ರದ್ಯುಮ್ನನೂ ಅವಳ ಕಡೆಯೇ ನೋಡುತ್ತ, "ಅವ್ನ ಮಣ್ಣು ತಡೆಯೋಕೆ ನನ್ ಜಾಗದಲ್ಲಿ ಗೋಡೇನಾ?" ಎಂದ. ಇಬ್ಬರೂ ತಮ್ಮ ತಮ್ಮ ರಸ್ತೆ ಹಿಡಿದು ಹೋದರು. ಜಯಂತ್ ನೀಲಿ ಟಾರ್ಪಾಲು ತಂದು ದಿಬ್ಬಕ್ಕೆ ಹೊದಿಸಿ, ಅಂಚಿಗೆ ಇಟ್ಟಿಗೆ ಹೇರಿದ. ಗಾಳಿ ಬೀಸಿದಾಗಲೆಲ್ಲ ಅದು ಪಟಪಟ ಬಡಿದುಕೊಳ್ಳುತ್ತಿತ್ತು.

ಪಂಕಜಮ್ಮ ಆಸ್ಪತ್ರೆಯಿಂದ ಮನೆಗೆ ಬರುವ ದಿನ ಜಯಂತ್ ಮೇಲಿನ ಮನೆಯ ಮುಂದಿನ ಕೋಣೆ ತೆರವು ಮಾಡಿಸಿದ್ದ. ರಸ್ತೆಯ ಮಟ್ಟದ ಮನೆ, ಮೆಟ್ಟಿಲಿಲ್ಲ, ವಾಕರ್ ಹಿಡಿದು ನಡೆಯಬಹುದು. ಆದರೆ ಪಂಕಜಮ್ಮ ಕಾರಿನಿಂದ ಇಳಿಯಲೇ ಇಲ್ಲ.

"ಕೆಳಗಿನ್ ಮನೆಗೆ ಬಿಡು."

"ಅಮ್ಮಾ, ಅಲ್ಲಿ ಸೇಫ್ ಅಲ್ಲ. ಇಂಜಿನಿಯರೇ ಹೇಳಿದಾಳಲ್ಲ, ಇನ್ನರ್ಧ ಬರುತ್ತೆ ಅಂತ."

"ಹಾಗಾದ್ರೆ ಭಾವನಾ ಹೇಗಿರ್ತಾಳೋ ಅಲ್ಲಿ? ಪ್ರದ್ಯುಮ್ನ ಹೇಗಿರ್ತಾನೆ?" ಎಂದರು ಪಂಕಜಮ್ಮ. "ನಾನು ಮೇಲೆ ಬಂದು ಮಲ್ಕೊಂಡ್ರೆ ನಿಮ್ಗೆ ಕೆಳಗಡೆ ಕಾಣ್ಸೋದೇ ಇಲ್ಲ. ನಾನಲ್ಲೇ ಇರ್ತೀನಿ. ಬರೋದಿದ್ರೆ ನನ್ ಮೇಲೇ ಬರ್ಲಿ."

ಅವರನ್ನು ಕೆಳಗೆ ಬಿಟ್ಟು ಬಂದರು. ಜಯಂತ್ ಆ ದಿನವೆಲ್ಲ ಅಮ್ಮನ ಹಟದ ಬಗ್ಗೆ ಹೇಳಿದ್ದನ್ನೇ ಹೇಳುತ್ತಿದ್ದ. ಶುಭಾ ದಿನವೂ ಬೆಳಗ್ಗೆ ಕೆಳಗೆ ಹೋಗಿ ಅತ್ತೆಗೆ ಮೈ ಒರೆಸಿ, ತಲೆ ಬಾಚಿ, ಕೆಲಸಕ್ಕೆ ಓಡುತ್ತಿದ್ದಳು. ಅವರ ಮಂಚವಿದ್ದ ಹಿಂದಿನ ಕೋಣೆಯ ಕಿಟಕಿಗೆ ರಟ್ಟು ಬಡಿದಿದ್ದರು. ರಟ್ಟಿನ ಸಂದಿಯಿಂದ ನೋಡಿದರೆ ನೀಲಿ ಟಾರ್ಪಾಲು ಬಿಟ್ಟು ಬೇರೇನೂ ಕಾಣಿಸುತ್ತಿರಲಿಲ್ಲ. ಮೇಲೆ ಮೋಡ ಕಟ್ಟಿದರೆ ಸಾಕು, ಭಾವನಾ ಚೌಕಾಶಿ ಮಾಡುವವಳಂತೆ ಆಕಾಶದ ಕಡೆ ನೋಡುತ್ತ ನಿಲ್ಲುವಳು. ಮನೆ ಬಿಟ್ಟು ಬಾಡಿಗೆಗೆ ಹೋಗೋಣವೆಂದು ಅವಳು ಗಂಡನಿಗೆ ಹೇಳಿದ್ದಳಂತೆ. "ಯಾರೋ ಮಾಡಿದ್ದಕ್ಕೆ ನಾನ್ ಯಾಕ್ ಮನೆ ಬಿಡ್ಲಿ?" ಎಂದಿದ್ದನಂತೆ ಪ್ರದ್ಯುಮ್ನ. ಇದನ್ನು ಪಂಕಜಮ್ಮ ಹೇಳಿದ್ದು, ಭಾವನಾ ಅಲ್ಲ.

ಹೀಗೇ ಕೆಲವು ವಾರ ಹೋದವು. ಒಂದು ಸಂಜೆ ಮತ್ತೆ ಹನಿಯತೊಡಗಿತು. ಶುಭಾ ಕಿಟಕಿಯಲ್ಲಿ ನಿಂತು ಟಾರ್ಪಾಲಿನ ಮೇಲೆ ನೀರು ಕಟ್ಟಿಕೊಳ್ಳುವುದನ್ನು ನೋಡಿದಳು. ಒಳಗೆ ಹೋಗಿ ಒಂದು ಬ್ಯಾಗಿಗೆ ನಾಲ್ಕು ಸೀರೆ, ಟವೆಲ್ಲು, ಬಿಪಿ ಮಾತ್ರೆ ಹಾಕಿಕೊಂಡಳು.

"ಎಲ್ಲಿಗೆ?" ಎಂದ ಜಯಂತ್.

"ಅತ್ತೆ ಹತ್ರ. ಆ ಹಿಂದಿನ್ ರೂಮಲ್ಲೇ ಮಲಗ್ತೀನಿ."

"ತಲೆ ಕೆಟ್ಟಿದ್ಯಾ? ಅದು ಯಾವಾಗ್ ಬೇಕಾದ್ರೂ..."

"ಅದೇ ರೀ. ಯಾವಾಗ್ ಬೇಕಾದ್ರೂ ಬರುತ್ತೆ ಅಂತ ನಿಮಗೂ ಗೊತ್ತು, ನಂಗೂ ಗೊತ್ತು. ಗೊತ್ತಿದ್ದೂ ಇಲ್ಲಿ ಮಲಗಿದ್ರೆ ನಂಗೆ ನಿದ್ದೆ ಬರಲ್ಲ."

"ನನ್ನ ಹೆದರಿಸ್ತಿದೀಯಾ?"

ಹೌದೋ ಅಲ್ಲವೋ ಅವಳಿಗೇ ತಿಳಿಯಲಿಲ್ಲ. ಛತ್ರಿ ಬಿಚ್ಚಿಕೊಂಡು ಹೊರಟಳು.

ಭಾವನಾ ಬಾಗಿಲು ತೆಗೆದು ಬ್ಯಾಗು ನೋಡಿದಳು. ಪಂಕಜಮ್ಮನ ಮಂಚದ ಪಕ್ಕ ಚಾಪೆ ಹಾಸಿ, ಒಂದು ದಿಂಬು ತಂದಿಟ್ಟು ಹೋದಳು. ಬೆಳಗ್ಗೆ ಎದ್ದು ಶುಭಾ ಹಿಂದಿನ ಬಾಗಿಲು ತೆರೆದಳು. ರಾಡಿ ಎತ್ತಿ ಹಾಕಿದ ಆ ಜಾಗದಲ್ಲಿ ನಿಂತು ಮೊದಲ ಬಾರಿಗೆ ತನ್ನ ಮನೆಯನ್ನು ಕೆಳಗಿನಿಂದ ದಿಟ್ಟಿಸಿ ನೋಡಿದಳು. ಅದು ಬೇರೆ ಯಾರದೋ ಮನೆಯಂತಿತ್ತು. ಕತ್ತು ಪೂರ್ತಿ ಹಿಂದಕ್ಕೆ ಬಾಗಿಸಿದರೆ ಮಾತ್ರ ತಾರಸಿ ಕಾಣುತ್ತಿತ್ತು. ಬಾಯಿ ಕಳೆದ ಮಣ್ಣು, ಅದರ ಮೇಲೆ ಅಂಗಳದ ಅಂಚು, ಅಂಚಿನಲ್ಲಿ ಬೇರು ಅರ್ಧ ಗಾಳಿಯಲ್ಲಿ ಬಿಟ್ಟುಕೊಂಡು ನಿಂತ ಸಂಪಿಗೆ. ಭಾವನಾ ದಿನಾ ಪಾತ್ರೆ ತೊಳೆಯಲು ಕೂರುತ್ತಿದ್ದುದು ಇದರ ಕೆಳಗೆ.

ಜಯಂತ್ ಎರಡು ದಿನ ಬರಲಿಲ್ಲ, ಫೋನೂ ಮಾಡಲಿಲ್ಲ. ಮೂರನೆಯ ದಿನ ಬೆಳಗ್ಗೆ ಬಂದ. ಅಪಘಾತದ ದಿನ ಬಿಟ್ಟರೆ ತಮ್ಮನ ಮನೆಯೊಳಗೆ ಅವನು ಕಾಲಿಟ್ಟು ಎಷ್ಟೋ ವರ್ಷಗಳಾಗಿದ್ದವು. ಅಮ್ಮನ ಪಕ್ಕ ಸ್ವಲ್ಪ ಹೊತ್ತು ಕೂತ. ಆಮೇಲೆ ಎದ್ದು ಹಿಂದಿನ ಬಾಗಿಲಿಗೆ ಹೋಗಿ ನಿಂತ. ಎಷ್ಟು ಹೊತ್ತಾದರೂ ಒಳಗೆ ಬಾರದಿದ್ದಾಗ ಶುಭಾ ಹೋಗಿ ನೋಡಿದಳು. ಅವನು ತಲೆಯೆತ್ತಿ ಮೇಲೇ ನೋಡುತ್ತಿದ್ದ.

"ಇಷ್ಟ್ ಹತ್ರಾನಾ?" ಎಂದ.

ಪ್ರದ್ಯುಮ್ನ ಹಲ್ಲುಜ್ಜುತ್ತ ಅಲ್ಲಿಗೆ ಬಂದವನು ಅಣ್ಣನನ್ನು ಕಂಡು ತಬ್ಬಿಬ್ಬಾದ. ಇಬ್ಬರೂ ಮಣ್ಣನ್ನೇ ನೋಡಿದರು. ಕೊನೆಗೆ ಜಯಂತ್, "ಆ ಹುಡುಗಿ ನಂಬರು ಇದ್ಯಾ?" ಎಂದ. ಹೆಂಡತಿಯನ್ನು ಕೇಳಿದ್ದೋ ತಮ್ಮನನ್ನೋ ಗೊತ್ತಾಗುವಂತಿರಲಿಲ್ಲ. "ನನ್ ಹತ್ರ ಇದೆ" ಎಂದ ಪ್ರದ್ಯುಮ್ನ.

ಸಂಕ್ರಾಂತಿ ಕಳೆದ ಮೇಲೆ ಕೆಲಸ ಶುರುವಾಯಿತು. ಎರಡು ಮನೆಗಳ ನಡುವೆ ಜೆಸಿಬಿ ನುಗ್ಗಲು ದಾರಿಯಿರಲಿಲ್ಲ. ಮಣ್ಣೆಲ್ಲ ಗುದ್ದಲಿಯಲ್ಲೇ ಕಡಿದು ಬಾಂಡ್ಲಿಯಲ್ಲೇ ಹೊರಬೇಕಾಯಿತು. ಮೇಸ್ತ್ರಿ ಪಿಳ್ಳಣ್ಣ ಏಳೆಂಟು ಜನರನ್ನು ಕರೆತಂದ. ಅವನು ಅಬ್ಬಿಗೆರೆಯ ಹಳೇ ಊರಿನವನು. "ಇಂಗೆ ಮ್ಯಾಗಿಂದ ತೆಗೀಬೇಕು ಕಣಮ್ಮ, ಕೆಳಗಿಂದ ಕೈ ಆಕಿದ್ರೆ ಎಲ್ಲಾ ಒಂದೇ ಸಲ ಬತ್ತದೆ" ಎಂದು ಮೊದಲ ದಿನವೇ ಎಲ್ಲರನ್ನೂ ದೂರ ನಿಲ್ಲಿಸಿದ. ದಾಸವಾಳದ ಬೇರುಗಳು, ಹುಲ್ಲಿನ ಚಕ್ಕೆಗಳು ಬಾಂಡ್ಲಿಯಲ್ಲಿ ಮೇಲೆ ಬಂದು ಟ್ರ್ಯಾಕ್ಟರಿಗೆ ಬೀಳುವುದನ್ನು ಶುಭಾ ನಿಂತು ನೋಡಿದಳು. ಸಂಪಿಗೆಯನ್ನು ಉಳಿಸಬಹುದೇ ಎಂದು ಮೋನಿಕಾಳನ್ನು ಕೇಳಿದಳು. ಆ ಜಾಗದಲ್ಲಿ ಚರಂಡಿ ಬರುತ್ತದೆ, ಆಗಲ್ಲ ಆಂಟಿ ಎಂದಳು ಮೋನಿಕಾ. ಅಗೆದು ಬೇರೆ ಕಡೆ ನೆಟ್ಟರು, ಬದುಕಲಿಲ್ಲ.

ಬುಡದಲ್ಲಿ ಗೋಡೆ ಏಳುವಾಗ ರಜೆ ಹಾಕಿ ಶುಭಾ ಕೆಳಗೇ ಇದ್ದಳು. ಒಂದು ಮಧ್ಯಾಹ್ನ ಮೇಲಿನ ಹಂತದಿಂದ ಒಂದು ಸೈಜುಗಲ್ಲು ಕೈಜಾರಿ ಉರುಳಿತು. ಶುಭಾ ಬೆನ್ನು ತಿರುಗಿಸಿ ಪೈಪಿನ ತುಂಡುಗಳನ್ನು ಜೋಡಿಸುತ್ತಿದ್ದಳು. "ಅಕ್ಕಾ, ಈಕಡೆ ಬಾ!" ಎಂದು ಭಾವನಾ ಕಿರುಚಿದಳು. ಕಿರುಚಿದ್ದಷ್ಟೇ ಅಲ್ಲ, ಓಡಿಬಂದು ತೋಳು ಹಿಡಿದು ಎಳೆದಳು. ಕಲ್ಲು ಪೈಪುಗಳನ್ನು ಪುಡಿಮಾಡಿ ನಿಂತಿತು. ಇಬ್ಬರೂ ಏದುಸಿರು ಬಿಡುತ್ತ ಗೋಡೆಗೊರಗಿ ನಿಂತರು. ಶುಭಾಗೆ ಅಳು ಬಂತು. ಕಲ್ಲಿನ ಹೆದರಿಕೆಗಲ್ಲ. ಭಾವನಾ ಹಿಡಿದ ತೋಳನ್ನು ಇನ್ನೂ ಬಿಟ್ಟಿರಲಿಲ್ಲ.

"ಅತ್ತೆಗೆ ಹೇಳ್ಬೇಡಿ" ಎಂದಳು ಭಾವನಾ, ತೋಳು ಬಿಡುತ್ತ. ಮತ್ತೆ ಬಹುವಚನಕ್ಕೆ ಹೋಗಿದ್ದಳು.

ಗೋಡೆ ಮುಗಿಯುವ ಹೊತ್ತಿಗೆ ಬಿಸಿಲು ಬಲಿತಿತ್ತು. ಪ್ರದ್ಯುಮ್ನನ ಮನೆಯ ಪಾತ್ರೆ ಬಟ್ಟೆಗಳೆಲ್ಲ ಈಗ ಮುಂದಿನ ಜಗುಲಿಯಲ್ಲಿ, ರಸ್ತೆಯವರ ಕಣ್ಣೆದುರಿಗೆ. ಆ ಬಗ್ಗೆ ಅವನು ಆಗಾಗ ಗೊಣಗುತ್ತಿದ್ದ. ಜಯಂತ್‌ನ ಅಂಗಳದಲ್ಲಿ ಉಳಿದದ್ದು ಒಂದು ಕುರ್ಚಿ ಹಾಕುವಷ್ಟು ಜಾಗ. ಶುಭಾ ಕೆಳಗೆ ಹೋಗಿ ಮಲಗಿದ್ದನ್ನು ಅವನು ಮರೆತಿರಲಿಲ್ಲ. ಕೆಲಸ ಮುಗಿದ ಮೇಲೂ, "ನನ್ ಒಂದ್ ಮಾತೂ ಕೇಳ್ದೆ ಹೋದ್ಯಲ್ಲ" ಎಂದು ಊಟದ ನಡುವೆ ಹೇಳಿಬಿಡುವನು. ಅವಳು ಇನ್ನೊಂದು ಸೌಟು ಹುಳಿ ಬಡಿಸುವಳು.

ಮೂರು ಹಂತಗಳಿಗೂ ಲಾವಂಚ ನೆಟ್ಟರು. ಬೇರು ಆಳಕ್ಕೆ ಇಳಿದು ಮಣ್ಣನ್ನು ಹಿಡಿಯುತ್ತದೆ ಎಂದು ಮೋನಿಕಾ ಹೇಳಿದ್ದಳು. ಅಂಚುಗಳಿಗೆ ಮಜ್ಜಿಗೆ ಹುಲ್ಲು. ನೋಡಲು ಅದು ತೋಟದಂತೇನೂ ಇರಲಿಲ್ಲ, ಹೊಲದ ಬದುವಿನಂತಿತ್ತು. ಸಸಿ ಹಿಡಿಯುವವರೆಗೆ ಶುಭಾ ಪೈಪು ಮುಟ್ಟಲಿಲ್ಲ. ಚೊಂಬಿನಲ್ಲಿ ತಂದು ಒಂದೊಂದರ ಬುಡಕ್ಕೂ ಹಾಕಿದಳು. ಕೆಳಗಿನ ಹಂತದಲ್ಲಿ ಭಾವನಾ ಯಾರನ್ನೂ ಕೇಳದೆ ದೊಡ್ಡಪತ್ರೆ, ಬಸಳೆ ಹಾಕಿಕೊಂಡಳು. ಪಂಕಜಮ್ಮ ಕೋಲು ಹಿಡಿದು ನಡೆಯುವಂತಾದರು. ಆದರೆ ಹಿಂದಿನ ಬಾಗಿಲ ಕಡೆಗೆ ಅವರು ಮತ್ತೆ ಹೋಗಲಿಲ್ಲ. ಅಡುಗೆಮನೆಯ ಹೊಸಿಲ ತನಕ ಬಂದು ನಿಂತುಬಿಡುವರು. ಮೇ ತಿಂಗಳಲ್ಲಿ ಮೊದಲ ಗುಡುಗು ಕೇಳಿದ ದಿನವೇ, "ಮಳೆಗಾಲ ಮುಗಿಯೋವರ್ಗೂ ನಾನು ವಿಮಲನ ಮನೆಗೆ ಹೋಗ್ತೀನಿ" ಎಂದು ಬಾಗಲಗುಂಟೆಯ ತಂಗಿಯ ಮನೆಗೆ ಹೊರಟರು. ಯಾರು ಎಷ್ಟು ಹೇಳಿದರೂ ಕೇಳಲಿಲ್ಲ. "ಗೋಡೆ ಗಟ್ಟಿ ಇದೆ, ನಂಗೂ ಗೊತ್ತಪ್ಪ. ಈ ಕಾಲಿಗೆ ಯಾರು ಹೇಳ್ತಾರೆ?" ಎಂದರು.

ದೊಡ್ಡ ಮಳೆ ಬಂದದ್ದು ಆಗಸ್ಟಿನಲ್ಲಿ, ಮಧ್ಯಾಹ್ನದ ಹೊತ್ತಿಗೆ. ಶುಭಾ ಕೆಲಸದಲ್ಲಿದ್ದಳು. ಕಿಟಕಿಯಿಲ್ಲದ ಕೋಣೆಗೂ ಸದ್ದು ಕೇಳಿಸುವಂಥ ಮಳೆ. ಜಯಂತ್‌ಗೆ ಫೋನು ಮಾಡಿದಳು, ತೆಗೆಯಲಿಲ್ಲ. ಪ್ರದ್ಯುಮ್ನ ತೆಗೆಯಲಿಲ್ಲ. ಭಾವನಾ ಶಾಲೆಯಲ್ಲಿರುತ್ತಾಳೆ. ಕೈಯಲ್ಲಿದ್ದ ಪೇಷೆಂಟನ್ನು ಮುಗಿಸಿ, ಹೇಳಿ ಹೊರಬಿದ್ದಳು. ಮೇಖ್ರಿ ಸರ್ಕಲ್ಲಿನಲ್ಲಿ ನೀರು ನಿಂತಿತ್ತು. ಆಟೋದವನು ಬಿಇಎಲ್ ಸರ್ಕಲ್ಲಿನಿಂದ ಮುಂದೆ ಬರುವುದಿಲ್ಲವೆಂದ. ಅಲ್ಲಿಂದ ಬಸ್ಸು ಹಿಡಿದು, ಇಳಿದು, ಮೊಣಕಾಲವರೆಗಿನ ನೀರಿನಲ್ಲಿ ನಡೆದು ಕೆಳಗಿನ ರಸ್ತೆಗೇ ಹೋದಳು. ತನ್ನ ಮನೆಗಿಂತ ಮೊದಲು ಅಲ್ಲಿಗೆ.

ಗೋಡೆ ನಿಂತಿತ್ತು. ಸಾಲು ಪೈಪುಗಳಿಂದ ಕೆಂಪು ನೀರು ಬುಳುಬುಳು ಸುರಿಯುತ್ತಿತ್ತು, ಒಂದನ್ನು ಬಿಟ್ಟು. ಆ ಒಂದರ ಮುಂದೆ ಪ್ರದ್ಯುಮ್ನ ಕುಕ್ಕರುಗಾಲಲ್ಲಿ ಕೂತು, ಸರಳಿನಿಂದ ಒಳಗೆ ಕೆದಕುತ್ತಿದ್ದ. ಮೇಲಿನ ಹಂತದಲ್ಲಿ ಜಯಂತ್ ಪ್ಯಾಂಟು ಮಡಚಿಕೊಂಡು ಚರಂಡಿಗೆ ಅಡ್ಡ ಬಿದ್ದ ಎಲೆ ಕಸ ಬಾಚಿ ಎಸೆಯುತ್ತಿದ್ದ. ಫೋನುಗಳೆಲ್ಲ ಒಳಗಿದ್ದವು.

"ಬಂತಾ?" ಎಂದು ಜಯಂತ್ ಮೇಲಿನಿಂದ ಕೂಗಿದ.

"ಇಲ್ಲ, ಇನ್ನೂ ಇಲ್ಲ" ಎಂದ ಪ್ರದ್ಯುಮ್ನ.

ಸ್ವಲ್ಪ ಹೊತ್ತಿಗೆ ಆ ಪೈಪೂ ಒಂದು ಮುದ್ದೆ ಮಣ್ಣು ಕಕ್ಕಿ ಹರಿಯತೊಡಗಿತು. "ಬಂತು" ಎಂದ. ಅಷ್ಟೇ ಮಾತು. ಇಬ್ಬರೂ ತಮ್ಮ ತಮ್ಮ ಬಾಗಿಲಿನಿಂದ ಒಳಗೆ ಹೋದರು.

ಶುಭಾ ಅಲ್ಲೇ ನಿಂತಳು. ಮಳೆ ಸ್ವಲ್ಪ ಇಳಿದ ಮೇಲೆ ಗೋಡೆ ಕಟ್ಟುವಾಗಲೇ ಪಕ್ಕದಲ್ಲಿ ಮಾಡಿಸಿದ್ದ ಕಲ್ಲುಮೆಟ್ಟಿಲು ಹತ್ತಿ ಒಂದೊಂದೇ ಹಂತ ನೋಡುತ್ತ ಹೋದಳು. ಲಾವಂಚ ಮಲಗಿತ್ತು, ಕಿತ್ತುಬಂದಿರಲಿಲ್ಲ. ಎರಡನೇ ಹಂತದ ಎಡಮೂಲೆಯಲ್ಲಿ ಮಣ್ಣು ಒಂದು ಗೇಣು ತಗ್ಗಿತ್ತು. ಬಗ್ಗಿ ಕೈಯಿಟ್ಟು ನೋಡಿದಳು. ಬಿರುಕಿರಲಿಲ್ಲ, ತಗ್ಗು ಮಾತ್ರ. ಎರಡು ಮೂರು ವರ್ಷ ಅಲ್ಲಲ್ಲಿ ಕೂರುತ್ತಿರುತ್ತೆ ಆಂಟಿ, ನೋಡ್ಕೋತಾ ಇರಬೇಕು ಎಂದು ಮೋನಿಕಾ ಹೇಳಿದ್ದು ನೆನಪಾಯಿತು. ಸುತ್ತ ಹುಡುಕಿದಳು. ಒಂದು ಬಿದಿರಿನ ಕಡ್ಡಿ ಸಿಕ್ಕಿತು. ಗುರುತಿಗೆಂದು ಅದನ್ನು ತಗ್ಗಿನ ಅಂಚಿನಲ್ಲಿ ಒತ್ತಿ ಚುಚ್ಚಿದಳು.

ಕೆಳಗೆ ಗೇಟಿನ ಸದ್ದಾಯಿತು. ಭಾವನಾ ಶಾಲೆಯಿಂದ ನೆನೆದುಕೊಂಡು ಬಂದವಳು ನೇರ ಹಿಂದಕ್ಕೇ ಬಂದು ತಲೆಯೆತ್ತಿದಳು. "ಏನಾಯ್ತು?"

"ಇಲ್ಲೊಂದ್ ಕಡೆ ಕೂತಿದೆ. ನಾಳೆ ಮೋನಿಕಾಗೆ ತೋರಿಸ್ಬೇಕು."

ಭಾವನಾ ಬ್ಯಾಗನ್ನು ಗೋಡೆಯ ಮೇಲಿಟ್ಟು ತಾನೂ ನೋಡಲೆಂದು ಮೆಟ್ಟಿಲು ಹತ್ತತೊಡಗಿದಳು.